ಕಲ್ಲಮ್ಮ ಕುಡಿದ ನೀರು

ಮೂಡಿಗೆರೆಯ ಮಲ್ಲಿಕಾರ್ಜುನಪ್ಪನವರ ಮನೆಯಿಂದ ಯೂರೋಪಿಗೆ ಹೋಗಿ ಬಂದವರು ನಾಲ್ಕು ಜನ. ಆದರೆ ಊರಿನಲ್ಲಿ ಯಾರನ್ನೇ ಕೇಳಿ, ಮೂರೇ ಹೆಸರು ಹೇಳುತ್ತಾರೆ: ಕಾಫಿ ತೋಟದ ಯಜಮಾನರು ಮಲ್ಲಿಕಾರ್ಜುನಪ್ಪನವರು, ಅವರ ಹೆಂಡತಿ ಶಂಕರಮ್ಮ, ಒಬ್ಬಳೇ ಮಗಳು ಸಾವಿತ್ರಿ. ನಾಲ್ಕನೆಯವಳು ಅಡುಗೆಯ ಕಲ್ಲಮ್ಮ. ಅವಳು ಹೋಗಿದ್ದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಉಳಿಯುವುದಾದರೂ ಹೇಗೆ? ಪಂಪ್ ಸ್ಟವ್ವು, ಸೌಟು, ಚಟ್ನಿಪುಡಿಯ ಡಬ್ಬಿ ಕೂಡ ಅದೇ ಹಡಗು ಹತ್ತಿದ್ದವು. ಅವನ್ನು ಯಾರಾದರೂ ವಿಲಾಯತಿಗೆ ಹೋಗಿ ಬಂದವರು ಅನ್ನುತ್ತಾರೆಯೇ?

ಕಲ್ಲಮ್ಮ ಹೊರಗಿನವಳಲ್ಲ. ಮಲ್ಲಿಕಾರ್ಜುನಪ್ಪನವರ ಸ್ವಂತ ಚಿಕ್ಕಪ್ಪನ ಮಗಳು, ತಂಗಿಯೇ ಆಗಬೇಕು. ಹದಿನೇಳು ವರ್ಷಕ್ಕೆ ಗಂಡ ಸತ್ತ ಮೇಲೆ ಕಳಸದ ಕಡೆಯಿಂದ ಒಂದು ತಗಡಿನ ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಬಂದ ದಿನವೇ ಅಡುಗೆಮನೆ ಹೊಕ್ಕಳು. ಅಲ್ಲಿಂದ ಇಪ್ಪತ್ತೆಂಟು ವರ್ಷ ಅವಳನ್ನು ಯಾರೂ ಹೊರಗೆ ಕರೆಯಲಿಲ್ಲ. ಶಂಕರಮ್ಮ ಹೆತ್ತು ಮೂರು ತಿಂಗಳು ಜ್ವರದಲ್ಲಿ ಮಲಗಿದ್ದಾಗ ಸಾವಿತ್ರಿಗೆ ಹಸುವಿನ ಹಾಲು ಒಳಲೆಯಲ್ಲಿ ಹುಯ್ದು ಬದುಕಿಸಿದವಳು ಇವಳೇ. ಆ ಹುಡುಗಿ ಮೊದಲು ಅಂದ ಮಾತೂ ಅಮ್ಮ ಅಂತಲ್ಲ, 'ಕಲ್ಲತ್ತೆ' ಅಂತ. ಶಂಕರಮ್ಮನಿಗೆ ಅದರ ಸಿಟ್ಟು ಕಡೆಯವರೆಗೂ ಇತ್ತು.

ಇಷ್ಟೆಲ್ಲದರ ನಡುವೆ ಕಲ್ಲಮ್ಮನಿಗೆ ನನ್ನದು ಅಂತ ಇದ್ದದ್ದು ಒಂದೇ ಒಂದು. ಕೊರಳಲ್ಲಿದ್ದ ಲಿಂಗ. ಮನೆಯವರದ್ದು ಬೆಳ್ಳಿಯ ಕರಡಿಗೆಯಲ್ಲಿತ್ತು, ಇವಳದ್ದು ಬಿಳಿ ಬಟ್ಟೆಯಲ್ಲಿ ಸುತ್ತಿ ದಾರದಲ್ಲಿ ಕಟ್ಟಿದ್ದು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಒಂದು ಹೂವಿಟ್ಟು ಪೂಜೆ ಮಾಡುವ ತನಕ ಅವಳ ಗಂಟಲಲ್ಲಿ ಒಂದು ತೊಟ್ಟು ನೀರು ಇಳಿಯುತ್ತಿರಲಿಲ್ಲ. ಆ ಕರಿಯ ಗುಂಡಿನ ನುಣುಪು, ಭಾರ, ಒಂದು ಬದಿಗೆ ಇದ್ದ ಸಣ್ಣ ತಗ್ಗು, ಎಲ್ಲಾ ಅವಳ ಅಂಗೈಗೆ ಗೊತ್ತಿತ್ತು. ದಿನದ ಆ ಕಾಲು ಗಂಟೆ ಯಾರೂ ಅವಳನ್ನು ಕೂಗುವ ಹಾಗಿರಲಿಲ್ಲ. ಅವಳಿಗೆ ಬದುಕು ಅಂತ ಇದ್ದದ್ದು ಆ ಕಾಲು ಗಂಟೆಯೇ.

ಎರಡನೆಯ ದೊಡ್ಡ ಯುದ್ಧಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು. ಲಂಡನ್ನಿನ ಕಾಫಿ ವ್ಯಾಪಾರದವರು ಮಲ್ಲಿಕಾರ್ಜುನಪ್ಪನವರನ್ನು ಕರೆದರು. ಹೋಗುವುದೇ ಆದರೆ ಹೆಂಡತಿ ಮಗಳನ್ನೂ ಕರೆದುಕೊಂಡು ನಾಲ್ಕು ದೇಶ ನೋಡಿಕೊಂಡು ಬರೋಣ ಅಂತ ಅವರಿಗೂ ಆಸೆಯಾಯಿತು. ಶಂಕರಮ್ಮ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದರು, "ನಾನು ಲಿಂಗ ಇಲ್ಲದವರ ಕೈಯಡುಗೆ ಉಣ್ಣೋಳಲ್ಲ. ಕಲ್ಲಮ್ಮನ್ನ ಕರ್ಕಂಡು ಹೋಗೋದಾದ್ರೆ ನಾನು ಬರ್ತೀನಿ." ಹೀಗೆ ಕಲ್ಲಮ್ಮ ಹಡಗು ಹತ್ತಿದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಲಂಡನ್ನು, ಪ್ಯಾರಿಸ್ಸು ಮುಗಿಸಿ ರೋಮ್ ಪಟ್ಟಣಕ್ಕೆ ಬರುವಷ್ಟರಲ್ಲಿ ಆಗಸ್ಟ್ ತಿಂಗಳು. ಅಬ್ಬಬ್ಬಾ, ಅದೆಂಥ ಬಿಸಿಲು! ಮೂಡಿಗೆರೆಯ ತಂಪಿನಲ್ಲಿ ಬೆಳೆದವರಿಗೆ ನೆಲದ ಕಲ್ಲು ಚಪ್ಪಲಿ ದಾಟಿ ಸುಡುತ್ತಿತ್ತು. ಸಂಜೆ ರೈಲಿಗೆ ಹೊರಟರೆ ಮರುದಿನ ಹಡಗು. ಅಷ್ಟರೊಳಗೆ ಇಡೀ ಊರು ನೋಡಿ ಮುಗಿಸಬೇಕೆಂದು ಯಜಮಾನರು ಬೆಳಗಿನ ಜಾವಕ್ಕೇ ಎಲ್ಲರನ್ನೂ ಎಬ್ಬಿಸಿದರು. ಕಲ್ಲಮ್ಮ ಬುತ್ತಿ ಕಟ್ಟಿ, ಸ್ನಾನ ಮಾಡಿ, ಕೊರಳಿನ ದಾರಕ್ಕೆ ಕೈ ಹಾಕುವುದಕ್ಕೂ ಶಂಕರಮ್ಮ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

"ಕಾರು ಬಂದು ನಿಂತಿದೆ, ಇವಳದ್ದೊಂದು ಪೂಜೆ! ಆಮೇಲೆ ಮಾಡ್ಕೊಳೆ ಮಾರಾಯ್ತಿ, ಲಿಂಗ ಎಲ್ಲಿಗೂ ಓಡಿ ಹೋಗಲ್ಲ."

ಕಲ್ಲಮ್ಮ ದಾರವನ್ನು ಸೀರೆಯೊಳಗೆ ಸೇರಿಸಿ, ಬುತ್ತಿಯ ಬುಟ್ಟಿ ಹೊತ್ತು ಹೊರಟಳು. ಬಾಯಿಗೆ ನೀರು ಹಾಕಿರಲಿಲ್ಲ.

ಮೊದಲು ಯಾವುದೋ ಮುರಿದು ಬಿದ್ದ ದೊಡ್ಡ ಕಲ್ಲಿನ ಬಯಲು. ಹಿಂದಿನ ಕಾಲದಲ್ಲಿ ಇಲ್ಲಿ ಮನುಷ್ಯರನ್ನು ಹುಲಿ ಸಿಂಹಗಳ ಬಾಯಿಗೆ ಬಿಟ್ಟು ಜನ ಕೂತು ನೋಡುತ್ತಿದ್ದರಂತೆ ಎಂದು ಯಜಮಾನರು ಪುಸ್ತಕ ನೋಡಿ ಓದಿ ಹೇಳಿದರು. "ನೋಡೋರಿಗೆ ಊಟ ಸೇರ್ತಿತ್ತಾ ಅಣ್ಣಯ್ಯ?" ಎಂದಳು ಕಲ್ಲಮ್ಮ. ಎಲ್ಲರೂ ನಕ್ಕರು. ಅಲ್ಲಿಂದ ಒಂದು ಇಗರ್ಜಿ, ಅಲ್ಲಿಂದ ಇನ್ನೊಂದು. ಹನ್ನೊಂದು ಗಂಟೆಗೆ ಮೂವರೂ ಒಂದು ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿ ತಿಂದರು, ಹೂಜಿಯ ನೀರು ಕುಡಿದರು. ಕಲ್ಲಮ್ಮ ಬಡಿಸಿದಳು.

"ಅಣ್ಣಯ್ಯ, ಒಂದು ಕಾಲು ಗಂಟೆ ಬಿಟ್ಟುಕೊಡಿ. ಇಲ್ಲೇ ಮರದ ಬುಡದಲ್ಲಿ ಪೂಜೆ ಮಾಡ್ಕೊಳ್ತೀನಿ. ಗಂಟಲು ಒಣಗಿ ಹೋಗಿದೆ."

"ದಾರಿ ಮೇಲೆಯಾ? ನಿಂಗೆ ತಲೆ ನೆಟ್ಟಗಿದೆಯೇನೆ? ಜನ ಏನಂತಾರೆ?" ಎಂದರು ಯಜಮಾನರು. ಹೋಟೆಲಿನಲ್ಲಿ ಪರಿಚಯವಾದ ಒಬ್ಬ ಇಂಗ್ಲಿಷ್ ದೊರೆ, ಅವನ ಹೆಂಡತಿ ಅಲ್ಲೇ ಸುತ್ತಾಡುತ್ತಿದ್ದರು. ಅವರ ಎದುರಿಗೆ ತಾವು ಸೂಟು ಹ್ಯಾಟು ಹಾಕಿಕೊಂಡ ಕಾಫಿ ಪ್ಲಾಂಟರು. ಬೂದಿ ಬಳಿದುಕೊಂಡು ರಸ್ತೆಯಲ್ಲಿ ಕೂತ ತಂಗಿ ಅವರಿಗೆ ಬೇಕಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಒಂದು ದೊಡ್ಡ ಕಾರಂಜಿಯ ಹತ್ತಿರ ಬಂದರು. ಮನೆಗಳ ನಡುವೆ ಇದ್ದಕ್ಕಿದ್ದ ಹಾಗೆ ಬಂಡೆ, ಬಂಡೆಯ ಮೇಲೆ ಕಲ್ಲಿನ ದೇವರು, ದೇವರ ಕಾಲಡಿಯಲ್ಲಿ ಕಲ್ಲಿನ ಕುದುರೆಗಳು, ಸುತ್ತ ಧೋ ಎಂದು ಸುರಿಯುವ ನೀರು. ಕಲ್ಲಮ್ಮ ಬಗ್ಗಿ ನೋಡಿದಳು. ತಿಳಿನೀರಿನ ತಳದಲ್ಲಿ ಕಾಸುಗಳು ಮಿನುಗುತ್ತಿದ್ದವು. ಹೆಂಗಸರು ಗಂಡಸರು ಬಂದು ಕಣ್ಣು ಮುಚ್ಚಿ ಏನೋ ಬೇಡಿಕೊಂಡು ಕಾಸು ಹಾಕಿ ಹೋಗುತ್ತಿದ್ದರು. ಕಳಸದ ತೀರ್ಥಗಳಲ್ಲಿ ಜನ ಹರಕೆಯ ಕಾಸು ಹಾಕುವುದನ್ನು ಚಿಕ್ಕಂದಿನಿಂದ ನೋಡಿದವಳು ಅವಳು. ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಈ ದೇಶದವರಿಗೆ ಪುಣ್ಯ ಪಾಪ ಏನೂ ಇಲ್ಲ ಅಂದುಕೊಂಡಿದ್ದೆನಲ್ಲ, ಇಲ್ಲೂ ಒಂದು ತೀರ್ಥ ಇದೆಯಲ್ಲ ಶಿವನೇ! ಇಲ್ಲಿ ಪೂಜೆ ಮಾಡಿದರೆ ಯಾರು ಬೇಡ ಅಂತಾರೆ?

ಅಲ್ಲ, ಅವಳದ್ದು ಏನು ತಪ್ಪು ಹೇಳಿ? ನೀರು, ದೇವರು, ಹರಕೆಯ ಕಾಸು. ಇನ್ನೇನು ಬೇಕಿತ್ತು ತೀರ್ಥ ಅನ್ನುವುದಕ್ಕೆ?

ಅಣ್ಣ ಅತ್ತಿಗೆ ಆ ದೊರೆಯ ಜೊತೆ ಮಾತಿಗೆ ನಿಂತಿದ್ದರು. ಸಾವಿತ್ರಿ ಐಸ್‌ಕ್ರೀಮು ತಿನ್ನುತ್ತಿದ್ದಳು. ಕಲ್ಲಮ್ಮ ಬುಟ್ಟಿ ಕೆಳಗಿಟ್ಟು, ಕೊಳದ ಅಂಚಿನ ಕಲ್ಲಿನ ಮೇಲೆ ಕುಳಿತು, ಬಟ್ಟೆ ಬಿಚ್ಚಿ ಲಿಂಗವನ್ನು ಎಡಗೈಗೆ ತೆಗೆದುಕೊಂಡಳು. ಬಲಗೈಯಲ್ಲಿ ನೀರು ಮೊಗೆದು ಎರೆದಳು. ಬೆಳಗಿನಿಂದ ಮೊದಲ ಸಲ ಅವಳ ಉಸಿರು ಸಮಾಧಾನಕ್ಕೆ ಬಂತು. ಇನ್ನೊಂದು ಸಲ ಮೊಗೆಯಲು ಬಗ್ಗಿದಾಗ ಹಿಂದಿನಿಂದ ಕಾವಲಿನವನೊಬ್ಬ ಗದರಿ ಅವಳ ಭುಜಕ್ಕೆ ಕೈ ಹಾಕಿದ. ಕಲ್ಲಮ್ಮ ಬೆಚ್ಚಿದಳು. ಒದ್ದೆ ಅಂಗೈಯಿಂದ ಲಿಂಗ ಜಾರಿತು.

ನೀರು ಮೊಳಕಾಲುದ್ದವೂ ಇರಲಿಲ್ಲ. ಆದರೆ ಮೇಲಿನಿಂದ ಬೀಳುವ ನೀರಿನ ನೊರೆಯಲ್ಲಿ ಅದು ಎತ್ತ ಉರುಳಿತೋ ಕಾಣಲಿಲ್ಲ. ಕಲ್ಲಮ್ಮ ತೋಳು ಮುಳುಗುವ ತನಕ ಕೈ ಹಾಕಿ ತಡಕಿದಳು. ಕೈಗೆ ಬರೀ ಕಾಸು ಸಿಕ್ಕಿತು. ಸೀರೆ ಎತ್ತಿ ಕಟ್ಟಿ ಒಂದು ಕಾಲನ್ನು ನೀರಿಗಿಟ್ಟಳು. ಕಾವಲಿನವನು ರಟ್ಟೆ ಹಿಡಿದು ಎಳೆದ. ಕಾಸು ಕದಿಯಲು ಬಂದವಳು ಅಂತ ಅವನು ತಿಳಿದ. ಅವಳ ಮುಷ್ಟಿ ಬಿಡಿಸಿದರೆ ಇದ್ದದ್ದೂ ಕಾಸೇ. ಜನ ಸುತ್ತುಗಟ್ಟಿ ನಗತೊಡಗಿದರು.

"ಅಣ್ಣಯ್ಯಾ! ಅಣ್ಣಯ್ಯಾ, ಲಿಂಗ ಬಿತ್ತು!"

ಹತ್ತು ಹೆಜ್ಜೆ ದೂರದಲ್ಲಿ ಮಲ್ಲಿಕಾರ್ಜುನಪ್ಪನವರು ನಿಂತಿದ್ದರು. ಕಾವಲಿನವನು ಕಲ್ಲಮ್ಮನತ್ತ ಕೈ ತೋರಿಸಿ ಅವರನ್ನು ಏನೋ ಕೇಳಿದ. ಇಂಗ್ಲಿಷ್ ದೊರೆಯೂ ಅವರ ಮುಖ ನೋಡಿದ. ಮಲ್ಲಿಕಾರ್ಜುನಪ್ಪನವರು ಹ್ಯಾಟು ಸರಿ ಮಾಡಿಕೊಂಡು ತಲೆಯಾಡಿಸಿದರು. ಗೊತ್ತಿಲ್ಲ, ಯಾರೋ. ಕಲ್ಲಮ್ಮನಿಗೆ ಅವರ ಮಾತು ಅರ್ಥವಾಗಲಿಲ್ಲ, ತಲೆಯಾಡಿಸಿದ್ದು ಅರ್ಥವಾಯಿತು. ಶಂಕರಮ್ಮ ಮಗಳ ಕೈ ಹಿಡಿದು ಬೇರೆ ಕಡೆ ತಿರುಗಿದರು. ಮೂವರೂ ಪಕ್ಕದ ಗಲ್ಲಿ ದಾಟಿ ಹೋದರು. ಸಾವಿತ್ರಿ ಒಂದು ಸಲ ಹಿಂತಿರುಗಿ ನೋಡಿದಳು, ಐಸ್‌ಕ್ರೀಮು ಕರಗಿ ಮುಂಗೈಗೆ ಇಳಿಯುತ್ತಿತ್ತು, ಅದನ್ನು ನೆಕ್ಕಿಕೊಂಡು ಮುಂದೆ ಹೋದಳು.

ಮೂರು ಗಂಟೆ ಕಲ್ಲಮ್ಮ ಎದುರಿನ ಇಗರ್ಜಿಯ ಮೆಟ್ಟಿಲ ಮೇಲೆ ಉರಿಬಿಸಿಲಿನಲ್ಲಿ ಕುಳಿತಿದ್ದಳು. ನೀರಿನ ಹತ್ತಿರ ಹೋದಾಗಲೆಲ್ಲ ಕಾವಲಿನವನು ಅಟ್ಟುತ್ತಿದ್ದ. ಪಾಪ, ಅವನೇ ಒಂದು ಲೋಟ ನೀರು ತಂದುಕೊಟ್ಟ. ಅವಳು ಕೈ ಮುಗಿದು ಬೇಡ ಅಂದಳು. ಲಿಂಗವಿಲ್ಲದೆ ನೀರು ಮುಟ್ಟುವುದುಂಟೇ?

ಸಂಜೆ ಮನೆಯವರು ವಾಪಸು ಬಂದರು. ಕರುಣೆ ಬಂದಿತ್ತು ಅಂದುಕೊಳ್ಳಬೇಡಿ. ಶಂಕರಮ್ಮನ ಮೊದಲ ಮಾತೇ ಇದು: "ಏಳು ಏಳು, ರೈಲಿಗೆ ಬುತ್ತಿ ಆಗ್ಬೇಕು. ನಿನ್ನ ದೆಸೆಯಿಂದ ಇವತ್ತು ಮೂರು ಕಾಸಿನ ಮರ್ಯಾದೆ ಉಳೀಲಿಲ್ಲ."

"ಅತ್ತಿಗೆ, ಇಲ್ಲೇ ಇದೆ, ಆ ಕುದುರೆ ಕೆಳಗೆ. ಅಣ್ಣಯ್ಯ, ಯಾರಿಗಾದ್ರೂ ಹೇಳಿ ಒಂದ್ಸಲ ಕೈ ಹಾಕಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬಾಯಿ ಮುಚ್ಕೊಂಡು ಕಾರು ಹತ್ತು," ಎಂದರು ಯಜಮಾನರು.

ಆ ರಾತ್ರಿ ರೈಲಿನಲ್ಲಿ, ಮರುದಿನ ಬಂದರಿನ ಹೋಟೆಲಿನಲ್ಲಿ ಕಲ್ಲಮ್ಮ ಒಂದು ಹನಿ ನೀರು ಮುಟ್ಟಲಿಲ್ಲ. ಹಟವಲ್ಲ ಅದು. ಅವಳಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ದಪ್ಪಗಾಗಿ ಮಾತು ತೊದಲತೊಡಗಿತು, ತುಟಿಯ ಅಂಚಿನಲ್ಲಿ ಬಿಳಿ ಕಟ್ಟಿತು. ಶಂಕರಮ್ಮ ಈಗ ಹೆದರಿದರು. ಹಡಗಿನ ಡಾಕ್ಟರು ಇವಳನ್ನು ರೋಗಿ ಅಂತ ಹತ್ತಿಸಿಕೊಳ್ಳದೇ ಹೋದರೆ ಹದಿನೈದು ದಿನ ಅಡುಗೆಯ ಗತಿ ಏನು?

ಉಪಾಯ ಹೊಳೆದದ್ದು ಸಾವಿತ್ರಿಗೆ. ಹದಿನೈದು ವರ್ಷದ ಹುಡುಗಿ, ಚುರುಕು. ಹೋಟೆಲಿನ ಹೂವಿನ ಕುಂಡದಿಂದ ಒಂದು ಗುಂಡನೆಯ ಬೆಣಚುಕಲ್ಲು ಆರಿಸಿದಳು. ಅಪ್ಪನ ಬೂಟಿನ ಪಾಲಿಷ್ ಡಬ್ಬಿ ತೆಗೆದು ಅದಕ್ಕೆ ಕರಿ ಬಳಿದಳು. ಬ್ರಷ್ಷಿನಲ್ಲಿ ತಿಕ್ಕಿ ಹೊಳಪು ಬರಿಸಿದಳು. ಗಂಡ ಹೆಂಡತಿ ನೋಡಿ ನಕ್ಕರು. ಒಂದು ಕರವಸ್ತ್ರದಲ್ಲಿ ಸುತ್ತಿ ಯಜಮಾನರೇ ತಂದು ಕೊಟ್ಟರು.

"ತಗೋ ಮಾರಾಯ್ತಿ. ಆ ಊರಿನೋರು ನೀರು ಬಸಿದು ಹುಡುಕಿ, ರೈಲಿನಲ್ಲಿ ಕಳಿಸಿಕೊಟ್ಟಿದ್ದಾರೆ."

ಕಲ್ಲಮ್ಮ ಬಿಚ್ಚಿದಳು, ಅಂಗೈ ಮೇಲಿಟ್ಟುಕೊಂಡಳು. ಭಾರ ಬೇರೆ. ಆ ತಗ್ಗು ಇಲ್ಲ. ಬೂಟಿನ ವಾಸನೆ ಗಪ್ಪೆಂದು ಮೂಗಿಗೆ ಬಂತು. ತಲೆ ಎತ್ತಿದಳು. ಬಾಗಿಲ ಹತ್ತಿರ ಸಾವಿತ್ರಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆದು ನಿಂತಿದ್ದಳು. ಕಲ್ಲಮ್ಮ ಅವಳನ್ನು ನೋಡಿದಳು, ಮೇಜಿನ ಮೇಲಿದ್ದ ನೀರಿನ ತಂಬಿಗೆಯನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಆ ಕಲ್ಲಿನ ಮೇಲೆ ನೀರೆರೆದಳು, ವಿಭೂತಿ ಹಚ್ಚಿದಳು, ತಂಬಿಗೆಯನ್ನು ಎತ್ತಿ ಗಟಗಟ ಕುಡಿದಳು. ಒಂದು ತಂಬಿಗೆ, ಇನ್ನೊಂದು ತಂಬಿಗೆ. ಕುಡಿಯುತ್ತಲೇ ಅತ್ತಳು. ನೀರು ಅಷ್ಟು ಸಿಹಿಯಾಗಿತ್ತು. ಅದಕ್ಕೇ ಅವಳಿಗೆ ತನ್ನ ಮೇಲೆ ಅಷ್ಟು ಹೇಸಿಗೆಯಾದದ್ದು.

ಹಡಗಿನುದ್ದಕ್ಕೂ ದಿನಾ ಬೆಳಿಗ್ಗೆ ನೀರೆರೆದಾಗ ಅಂಗೈಗೆ ಕರಿ ಹತ್ತುತ್ತಿತ್ತು. ಅವಳು ಅದನ್ನು ತೊಳೆದು, ಹೋಗಿ ಅಡುಗೆ ಮಾಡುತ್ತಿದ್ದಳು. ಲಿಂಗವಿಲ್ಲದವರ ಕೈಯಡುಗೆ ಉಣ್ಣದ ಶಂಕರಮ್ಮ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು.

ಊರಿಗೆ ಬಂದ ಮೇಲೆ ಕಲ್ಲಮ್ಮ ಒಂದು ದಿನ ಧೈರ್ಯ ಮಾಡಿ ಕೇಳಿದಳು, "ಅತ್ತಿಗೆ, ಅಯ್ಯನೋರನ್ನ ಕರೆಸಿ ನಂಗೊಂದು ಲಿಂಗ ಕಟ್ಟಿಸಿ."

"ಕೊರಳಲ್ಲಿ ಇದೆಯಲ್ಲೇ, ಇನ್ನೊಂದು ಎಂತಕ್ಕೆ?" ಎಂದರು ಶಂಕರಮ್ಮ, ಮುಖ ಒಂದಿಷ್ಟೂ ಅಲುಗಿಸದೆ. ಕಳೆದದ್ದು ಹೊರಗೆ ಗೊತ್ತಾದರೆ ಅಷ್ಟು ದಿನ ತಾವು ಉಂಡದ್ದರ ಮಾತು ಬರುತ್ತದೆ. ಅದಕ್ಕೆ.

ನೆಂಟರ ಹತ್ತಿರ ಗುಟ್ಟು, ಸರಿ. ಆದರೆ ಕಾಫಿ ಕೊಳ್ಳಲು ಬಂದ ದೊರೆಗಳಿಗೆ, ಅಮಲ್ದಾರರಿಗೆ, ತೋಟದ ಡಾಕ್ಟರಿಗೆ ಮಲ್ಲಿಕಾರ್ಜುನಪ್ಪನವರು ಬೂಟ್ ಪಾಲಿಷಿನ ಕಥೆಯನ್ನು ಬಣ್ಣ ಕಟ್ಟಿ ಹೇಳುತ್ತಿದ್ದರು. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಫಿ ತಂದಿಡುತ್ತಿದ್ದವಳು ಕಲ್ಲಮ್ಮ. "ಇವಳೇ ನೋಡಿ ಆ ಭಕ್ತೆ!" ಅಂತ ತೋರಿಸುತ್ತಿದ್ದರು. ಎರಡು ವರ್ಷ ಹೇಳಿ ಹೇಳಿ ಆ ಕಥೆ ಅವರ ನಾಲಿಗೆಗೆ ಎಷ್ಟು ರೂಢಿಯಾಯಿತೆಂದರೆ, ಎದುರಿಗೆ ಯಾರು ಕೂತಿದ್ದಾರೆ ಅನ್ನುವುದನ್ನೇ ಒಂದು ದಿನ ಮರೆತರು.

ಅವತ್ತು ಕೂತಿದ್ದವರು ಚಿಕ್ಕಮಗಳೂರಿನ ಸಿದ್ದಬಸಪ್ಪನವರು. ಸಾವಿತ್ರಿಯನ್ನು ತಮ್ಮ ಮಗನಿಗೆ ತಂದುಕೊಳ್ಳುವ ಮಾತು ಮುಗಿಸಲು ಒಬ್ಬರೇ ಬಂದಿದ್ದರು. ಹಣೆ ತುಂಬ ವಿಭೂತಿಯ ಮನುಷ್ಯ. ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವಾಗ ಯಜಮಾನರು ರೋಮಿನ ಮಾತು ತೆಗೆದರು, ಹಾಗೇ ಕಥೆಯ ತುದಿಗೆ ಬಂದು ತಾವೇ ಮೊದಲು ನಕ್ಕರು. ಸಿದ್ದಬಸಪ್ಪನವರು ನಗಲಿಲ್ಲ. ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ವಾಪಸು ಇಟ್ಟರು.

"ಆಮೇಲೆ ಹಡಗಿನಲ್ಲಿ ನಿಮಗೆ ಅಡುಗೆ ಮಾಡಿದ್ದು ಯಾರು?"

ಯಜಮಾನರು ಎಲೆಯಡಿಕೆಯ ತಟ್ಟೆಯನ್ನು ಮತ್ತೆ ಅವರತ್ತ ಸರಿಸಿದರು.

"ಇವತ್ತು ನಾನು ಉಂಡಿದ್ದು?"

ಒಳಗೆ ಬಾಗಿಲ ಮರೆಯಲ್ಲಿದ್ದ ಶಂಕರಮ್ಮ ಕ್ಷಣದಲ್ಲಿ ಮಾತು ಹೆಣೆದರು. "ಅಯ್ಯೋ, ಊರಿಗೆ ಬಂದ ಮಾರನೇ ದಿನವೇ ಹೊಸ ಲಿಂಗ ಕಟ್ಟಿಸ್ಕೊಂಡೆ ಅಂತ ನಮಗೆ ಹೇಳಿದ್ಳು ಬೀಗರೇ! ನಾವು ನಂಬಿದ್ವಿ. ಬೇಕಾದ್ರೆ ಅವಳನ್ನೇ ಕೇಳಿ."

ಸಾವಿತ್ರಿ ಅಷ್ಟರಲ್ಲಿ ಅಡುಗೆಮನೆಗೆ ಓಡಿದ್ದಳು. ಕಲ್ಲಮ್ಮನ ಎರಡೂ ಕೈ ಹಿಡಿದುಕೊಂಡಳು. "ಕಲ್ಲತ್ತೆ, ನೀನೇ ಮೋಸ ಮಾಡ್ದೆ ಅಂತ ಒಪ್ಕೊಂಡುಬಿಡು. ಇಲ್ದಿದ್ರೆ ನನ್ನ ಮದುವೆ ಮುರಿದು ಹೋಗುತ್ತೆ. ನೀನೇ ಅಲ್ವಾ ನನ್ನ ಸಾಕಿದೋಳು?"

ಆ ಮಾತನ್ನು ಹುಡುಗಿ ಹದಿನೇಳು ವರ್ಷದಲ್ಲಿ ಅವತ್ತೇ ಮೊದಲ ಸಲ ಆಡಿದ್ದು. ಕಲ್ಲಮ್ಮ ಕೈ ಒರೆಸಿಕೊಂಡು ನಡುಮನೆಗೆ ಬಂದಳು.

"ಕೊರಳಲ್ಲಿರೋದು ಲಿಂಗ ಅಲ್ಲ ಅಂತ ನಿಂಗೆ ಗೊತ್ತಿತ್ತಾ?" ಎಂದು ಕೇಳಿದರು ಸಿದ್ದಬಸಪ್ಪನವರು.

"ಗೊತ್ತಿತ್ತು."

"ಇವರಿಗೆ ಹೊಸದು ಕಟ್ಟಿಸ್ಕೊಂಡೆ ಅಂತ ಸುಳ್ಳು ಹೇಳಿದ್ಯಾ?"

ಅವಳು ಅಣ್ಣನ ಮುಖ ನೋಡಿದಳು. ಮಲ್ಲಿಕಾರ್ಜುನಪ್ಪನವರು ಜಂತೆ ನೋಡುತ್ತಿದ್ದರು. "ಹ್ಞೂಂ, ಹೇಳಿದ್ದೆ."

"ಮೊದಲ ದಿನ, ಗೊತ್ತಿದ್ದೂ ನೀರು ಕುಡಿದೆಯಲ್ಲ. ಯಾಕೆ?"

ಅದಕ್ಕೆ ಮಾತ್ರ ಯಾರೂ ಹೇಳಿಕೊಟ್ಟ ಉತ್ತರ ಇರಲಿಲ್ಲ. "ಬಾಯಾರಿತ್ತು ಸ್ವಾಮಿ," ಎಂದಳು ಕಲ್ಲಮ್ಮ.

"ತೆಗೆದು ಬಿಸಾಕು ಅದನ್ನ," ಎಂದರು ಸಿದ್ದಬಸಪ್ಪನವರು. ಅವಳು ದಾರ ಬಿಚ್ಚಿ ಹೊಸಿಲ ಮೇಲಿಟ್ಟಳು. ಸಂಜೆಯೊಳಗೆ ಅದೇ ತಗಡಿನ ಟ್ರಂಕಿನ ಜೊತೆ ಅವಳನ್ನು ಬಣಕಲ್ಲಿನ ಬಸ್ಸಿಗೆ ಹತ್ತಿಸಿದರು. ಅಡುಗೆಮನೆ ತೊಳೆಸಿದರು. ಬೀಗರಿಗೆ ಸಮಾಧಾನವಾಯಿತು, ಮದುವೆ ವಿಜೃಂಭಣೆಯಿಂದ ನಡೆಯಿತು. ಆ ಮನೆಯವರಿಗೆ ಒಂದು ದಿನವೂ ನಿದ್ದೆ ಕೆಡಲಿಲ್ಲ. ಹಾಳಾಗಿ ಹೋಗಲಿ ಅಂತ ಅನ್ನಬೇಕೆನ್ನಿಸುತ್ತದೆ, ಆದರೆ ಅವರೇನೂ ಹಾಳಾಗಲಿಲ್ಲ.

ಬಣಕಲ್ಲಿನಲ್ಲಿ ರಸ್ತೆಯ ಬದಿಗೆ ತಯ್ಯಬ್ ಸಾಹೇಬರ ಮೋಟಾರು ರಿಪೇರಿ ಶೆಡ್ಡು. ಪಕ್ಕದ ಸೋಗೆಯ ಇಳಿಜಾರಿನಲ್ಲಿ ಇರಲು ಅವರು ಜಾಗ ಕೊಟ್ಟರು. ಅವರ ಹೆಂಡತಿ ರಶೀದಾ ಅಕ್ಕಿ ಕೊಟ್ಟಳು. ಊರಿನ ಅಯ್ಯನವರೊಬ್ಬರು ತಾವಾಗಿ ಬಂದು, "ಹೊಸ ಲಿಂಗ ಕಟ್ತೀನಿ, ಅಳಬೇಡ," ಎಂದರು. ಕಲ್ಲಮ್ಮ ಒಪ್ಪಲಿಲ್ಲ. "ಬೂಟಿನ ಕಲ್ಲಿಗೆ ಕೈ ಮುಗಿದೋಳು ನಾನು. ಇನ್ನು ಯಾವ ಮುಖ ಇಟ್ಕೊಂಡು ಕಟ್ಟಿಸ್ಕೊಳ್ಲಿ?" ಬೇಸಿಗೆ ಬಂದಾಗ ಶೆಡ್ಡಿನ ಮುಂದೆ ಎರಡು ಮಣ್ಣಿನ ಹಂಡೆ ಇಟ್ಟು ಅರವಟ್ಟಿಗೆ ಮಾಡಿದಳು. ಘಾಟಿ ಹತ್ತಿ ಬರುವ ಗಾಡಿಯವರು, ಕೂಲಿಯವರು, ಲಾರಿಯವರು, ಯಾರು ಬಂದರೂ ನೀರು ಕೊಡುತ್ತಿದ್ದಳು. ಜಾತಿ ಕೇಳುತ್ತಿರಲಿಲ್ಲ. ಬಾಯಾರಿದೆಯಾ ಅಂತಷ್ಟೇ ಕೇಳುತ್ತಿದ್ದಳು.

ಎರಡನೆಯ ಬೇಸಿಗೆ, ಏಪ್ರಿಲಿನ ಒಂದು ಮಧ್ಯಾಹ್ನ. ಘಾಟಿ ಹತ್ತಿ ಬಂದ ಒಂದು ದೊಡ್ಡ ಕಾರು ಬುಸುಗುಡುತ್ತಾ ಹೊಗೆಯಾಡಿಕೊಂಡು ಶೆಡ್ಡಿನ ಮುಂದೆ ನಿಂತಿತು. ರೇಡಿಯೇಟರು ಕುದಿದಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಹಿರಿಯ ಹೆಂಗಸು, ಪಕ್ಕದಲ್ಲಿ ಅವರ ಸೊಸೆ ಸಾವಿತ್ರಿ. ತುಂಬಿದ ಬಸುರಿ. ಬೆವರಿ ಸೀರೆ ಮೈಗಂಟಿತ್ತು, ತುಟಿ ಒಡೆದು ಅಂಚಿನಲ್ಲಿ ಬಿಳಿ ಕಟ್ಟಿತ್ತು. ಆ ಬಿಳಿ ಏನೆಂದು ಕಲ್ಲಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳಿಗೆ ಹಿಂದಿನದ್ದು ಯಾವುದೂ ನೆನಪಾಗಲಿಲ್ಲ. ತಂಬಿಗೆ ತುಂಬಿಕೊಂಡು, ಒಂದು ಚೂರು ಬೆಲ್ಲ ಹಿಡಿದುಕೊಂಡು ಕಾರಿನ ಹತ್ತಿರ ಓಡಿದಳು.

"ಸಾವಿತ್ರಿ, ತಗೋ ನನ್ನವ್ವ, ಮೊದಲು ಬೆಲ್ಲ ಬಾಯಿಗಿಟ್ಕೋ. ನಿಧಾನ ಕುಡಿ."

ಸಾವಿತ್ರಿಯ ಕೈ ತಂಬಿಗೆಗೆ ಚಾಚಿತು. ಆಮೇಲೆ ಮುಖ ನೋಡಿದಳು. ಕೈ ಹಿಂದಕ್ಕೆ ಹೋಯಿತು.

"ಹೆಸರು ಹಿಡಿದು ಕರೀತಾಳಲ್ಲ, ಯಾರೇ ಇವಳು?" ಎಂದು ಕೇಳಿದರು ಅತ್ತೆ.

ಸಾವಿತ್ರಿ ತಲೆಯಾಡಿಸಿದಳು. ಅಪ್ಪ ಆ ಕಾರಂಜಿಯ ಹತ್ತಿರ ಆಡಿಸಿದ ಹಾಗೆಯೇ, ಒಂದೇ ಒಂದು ಸಲ. "ಗೊತ್ತಿಲ್ಲ ಅತ್ತೆ. ಯಾರೋ." ಒಣಗಿದ ಗಂಟಲಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ. ಕೆಮ್ಮಿ, ಡ್ರೈವರನ ಕಡೆ ತಿರುಗಿದಳು. "ಆ ನೀರನ್ನ ಕಾರಿಗೆ ಹಾಕಿಸು. ಕುಡಿಯೋಕೆ ಮನೆಗೆ ಹೋದ್ಮೇಲೆ ಆಯ್ತು."

ಡ್ರೈವರು ಕೈ ಚಾಚಿದ. ಕಲ್ಲಮ್ಮ ತಂಬಿಗೆ ಕೊಡಲಿಲ್ಲ. ತಾನೇ ಕಾರಿನ ಮುಂದೆ ಹೋಗಿ, ತಯ್ಯಬ್ ಸಾಹೇಬರು ಮುಚ್ಚಳ ತೆಗೆದ ಮೇಲೆ, ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಹುಯ್ದಳು. ನಾಲ್ಕು ತಂಬಿಗೆ ಹಿಡಿಯಿತು. ಕಾರು ಹೊರಟು ಹೋಯಿತು. ಬೆಲ್ಲದ ಚೂರು ಇನ್ನೂ ಅವಳ ಎಡಗೈಯಲ್ಲೇ ಇತ್ತು, ಬೆವರಿಗೆ ಕರಗಿ ಅಂಗೈಗೆ ಅಂಟಿಕೊಂಡಿತ್ತು. ಅವಳು ಅದನ್ನು ತೊಳೆದುಕೊಂಡು, ಬರಿದಾದ ಹಂಡೆ ತುಂಬಲು ಬಾವಿಗೆ ಹೋದಳು.